ಟೋಪಿಯಾಗುವ ಮ್ಯಾಟು, ಸೊರಗುವ ಮಫ್ಲರು

ಕ್ರೋಶಾ ಹೆಣಿಗೆಯ ಬಗ್ಗೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ‘ನನ್ನ ಕೈಯೇ ಸರಿಯಿಲ್ಲ’ ಎಂದು ಬಹಳ ಮಂದಿ ಬರೆದಿದ್ದಾರೆ. ಕೈಯನ್ನು ಬೈಯುವ ಮೊದಲು ಎಣಿಕೆಯನ್ನೂ ದಾರವನ್ನೂ ವಿಚಾರಿಸಿಕೊಳ್ಳೋಣ.

ಪ್ರಶ್ನೆ: ವಿಡಿಯೊ ನೋಡಿ ಟೀಪಾಯಿಗೆ ದುಂಡನೆಯ ಮ್ಯಾಟ್ ಹೆಣೆಯಲು ಕುಳಿತೆ. ಐದಾರು ಸುತ್ತು ಮುಗಿಯುವಷ್ಟರಲ್ಲಿ ಅಂಚು ಮೇಲೆದ್ದು ಟೋಪಿಯಾಯಿತು. ಬಿಚ್ಚಿ, ಸ್ಟಿಚ್ ಹೆಚ್ಚಿಸಿ ಮತ್ತೆ ಹಾಕಿದರೆ ಈಗ ಅಂಚೆಲ್ಲ ನಿರಿಗೆ ನಿರಿಗೆ. ಏನು ಮಾಡಲಿ?
– ಗೃಹಿಣಿ, ಚಿಕ್ಕಮಗಳೂರು

ಉತ್ತರ: ಮೊದಲ ಸಲ ಸ್ಟಿಚ್ ಸಾಲಲಿಲ್ಲ, ಎರಡನೇ ಸಲ ಅತಿಯಾಯಿತು. ಪ್ರತಿ ಸುತ್ತಿಗೆ ಎಷ್ಟು ಹೆಚ್ಚಿಸಬೇಕೆಂದು ವಿಡಿಯೊದವರು ಹೇಳುತ್ತಾರೆ, ಏಕೆ ಅಷ್ಟೇ ಎಂದು ಹೇಳುವ ಗೊಡವೆಗೆ ಹೋಗುವುದಿಲ್ಲ. ಆ ‘ಏಕೆ’ ಗೊತ್ತಾದರೆ ನಿಮಗೆ ವಿಡಿಯೊವೇ ಬೇಕಾಗುವುದಿಲ್ಲ.

ಶಾಲೆಯಲ್ಲಿ ಕಲಿತ ವೃತ್ತದ ಸುತ್ತಳತೆಯನ್ನು ನೆನಪಿಸಿಕೊಳ್ಳಿ. ತ್ರಿಜ್ಯ ಒಂದು ಅಂಗುಲ ಬೆಳೆದರೆ ಸುತ್ತಳತೆ 6.28 ಅಂಗುಲ ಬೆಳೆಯುತ್ತದೆ. ಸಿಂಗಲ್ ಕ್ರೋಶಾ ಎಂಬ ಗಿಡ್ಡನೆಯ ಸ್ಟಿಚ್ಚಿನ ಎತ್ತರವೂ ಅಗಲವೂ ಹೆಚ್ಚುಕಡಿಮೆ ಸಮ. ಹಾಗಾಗಿ ಒಂದು ಸುತ್ತು ಮುಗಿಯಿತೆಂದರೆ ತ್ರಿಜ್ಯ ಒಂದು ಸ್ಟಿಚ್ಚಿನಷ್ಟು ಬೆಳೆಯಿತು, ಅಂಚಿನಲ್ಲಿ ಆರು ಸ್ಟಿಚ್ಚಿಗೆ ಹೊಸದಾಗಿ ಜಾಗವಾಯಿತು. 6ರಿಂದ ಶುರುಮಾಡಿ 12, 18, 24, 30 ಎಂದು ಏರುವುದು ಇದಕ್ಕೇ. ಡಬಲ್ ಕ್ರೋಶಾ ಸುಮಾರು ಎರಡರಷ್ಟು ಎತ್ತರವಾದ್ದರಿಂದ ಅಲ್ಲಿ ಲೆಕ್ಕ 12, 24, 36. ಪರೀಕ್ಷೆ ಸುಲಭ: ಕೊನೆಯ ಸುತ್ತಿನ ಸ್ಟಿಚ್ಚುಗಳನ್ನು ಎಣಿಸಿ, ಅದು ಎಷ್ಟನೇ ಸುತ್ತೋ ಆ ಸಂಖ್ಯೆಯಿಂದ ಭಾಗಿಸಿ. ಸಿಂಗಲ್ ಆದರೆ 6, ಡಬಲ್ ಆದರೆ 12 ಬರಬೇಕು. ಕಡಿಮೆ ಬಂದರೆ ಟೋಪಿ, ಜಾಸ್ತಿ ಬಂದರೆ ನಿರಿಗೆ.

ನಿಮ್ಮ ಪ್ರಶ್ನೆ ಓದಿದಾಗ ನನಗೆ ಇನ್ನೊಂದು ಅನುಮಾನವೂ ಬಂತು. ಅಮೆರಿಕದವರು ಸಿಂಗಲ್ ಕ್ರೋಶಾ ಎನ್ನುವ ಸ್ಟಿಚ್ಚನ್ನು ಬ್ರಿಟನ್ನಿನವರು ಡಬಲ್ ಕ್ರೋಶಾ ಎನ್ನುತ್ತಾರೆ. ಅಮೆರಿಕದವರ ಡಬಲ್ ಅಲ್ಲಿ ಟ್ರೆಬಲ್. ನೀವು ಬ್ರಿಟಿಷ್ ಪ್ಯಾಟರ್ನ್ ಹಿಡಿದು, ಅದರ ಡಬಲ್ ಅನ್ನು ಅಮೆರಿಕದ ಉದ್ದನೆಯ ಡಬಲ್ ಎಂದುಕೊಂಡು, ಸುತ್ತಿಗೆ ಆರೇ ಹೆಚ್ಚಿಸುತ್ತಾ ಹೋದರೆ ಬೇಡವೆಂದರೂ ಟೋಪಿಯೇ ಆಗುತ್ತದೆ. ಪ್ಯಾಟರ್ನ್‌ನಲ್ಲಿ ಎಲ್ಲಾದರೂ ‘ಸಿಂಗಲ್ ಕ್ರೋಶಾ’ ಎಂದಿದ್ದರೆ ಅದು ಅಮೆರಿಕದ್ದು. ಈಗಿನ ಬ್ರಿಟಿಷ್ ಪ್ಯಾಟರ್ನ್‌ಗಳಲ್ಲಿ ಆ ಹೆಸರೇ ಬರುವುದಿಲ್ಲ.

ಎಣಿಕೆ ಸರಿಯಿದ್ದೂ ಅಂಚು ಸ್ವಲ್ಪ ಏಳುತ್ತಿದ್ದರೆ ಕೈ ಬಿಗಿಯೆಂದು ಅರ್ಥ. ಈಗಿನದಕ್ಕಿಂತ ಅರ್ಧ ಮಿಲಿಮೀಟರ್ ಹೆಚ್ಚು ದಪ್ಪನೆಯ ಕಡ್ಡಿ ಹಿಡಿಯಿರಿ. ಮ್ಯಾಟು ಆರು ಮೂಲೆಯದಾಗುತ್ತಿದ್ದರೆ ಹೆಚ್ಚಿಸುವ ಸ್ಟಿಚ್ಚುಗಳು ಪ್ರತಿ ಸುತ್ತಿನಲ್ಲೂ ಒಂದರ ಮೇಲೊಂದು ಬೀಳುತ್ತಿವೆ. ಅವುಗಳನ್ನು ಅತ್ತಿತ್ತ ಸರಿಸಿ ಹಾಕಿ.

ಪ್ರಶ್ನೆ: ತಮ್ಮನಿಗೆಂದು ಮಫ್ಲರ್ ಶುರುಮಾಡಿದಾಗ ಒಂದು ಸಾಲಿಗೆ 40 ಸ್ಟಿಚ್ ಇತ್ತು. ಒಂದು ಮೊಳ ಆಗುವಷ್ಟರಲ್ಲಿ 31ಕ್ಕೆ ಇಳಿದಿದೆ. ನಾನು ಎಲ್ಲಿಯೂ ಬಿಟ್ಟಿಲ್ಲ.
– ಕಾಲೇಜು ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ಬಿಟ್ಟಿದ್ದೀರಿ ಕಣಮ್ಮ, ಸಾಲಿನ ಕೊನೆಯಲ್ಲಿ. ಡಬಲ್ ಕ್ರೋಶಾದಲ್ಲಿ ಸಾಲು ತಿರುಗಿಸುವಾಗ ಹಾಕುವ ಮೂರು ಚೈನ್ (ಸರಪಳಿಯಂಥ ಕುಣಿಕೆ) ಆ ಸಾಲಿನ ಮೊದಲ ಸ್ಟಿಚ್ ಎಂದೇ ಲೆಕ್ಕ. ಆದ್ದರಿಂದ ಅದರ ಬುಡದಲ್ಲಿರುವ ಸ್ಟಿಚ್ಚನ್ನು ಬಿಟ್ಟು ಮುಂದಿನದರಲ್ಲಿ ಹೆಣೆಯುತ್ತೇವೆ. ಅದು ಸರಿ. ಆದರೆ ಮರುಸಾಲಿನ ಕೊನೆಗೆ ಬಂದಾಗ ಆ ಮೂರು ಚೈನಿನ ನೆತ್ತಿಯ ಮೇಲೂ ಒಂದು ಸ್ಟಿಚ್ ಬೀಳಬೇಕು. ಅದು ಪಕ್ಕಕ್ಕೆ ವಾಲಿಕೊಂಡು, ಅಂಚಿನ ದಾರವೇ ಇರಬೇಕೆನ್ನುವಂತೆ ಕಾಣುವುದರಿಂದ ಹೊಸಬರ ಕಣ್ಣಿಗೆ ಬೀಳುವುದೇ ಇಲ್ಲ. ಹೀಗೆ ಅದು ತಪ್ಪಿದ ಸಾಲಿಗೊಂದರಂತೆ ಕಳೆದುಕೊಂಡಿದ್ದೀರಿ. ಕೆಲವರಿಗೆ ಇದು ಉಲ್ಟಾ ಆಗುತ್ತದೆ: ಬುಡದ ಸ್ಟಿಚ್ಚಿನಲ್ಲೂ ಹೆಣೆದು ನೆತ್ತಿಯ ಮೇಲೂ ಹೆಣೆದು ಮಫ್ಲರ್ ಶಾಲಿನಷ್ಟು ಅಗಲವಾಗುತ್ತದೆ.

ಮೂರನೇ ಚೈನಿಗೆ ಬೇರೆ ಬಣ್ಣದ ದಾರದ ತುಂಡೊಂದನ್ನು ತೂರಿಸಿಡಿ. ಪಿನ್ನಾದರೂ ಆದೀತು. ಸಿಂಗಲ್ ಕ್ರೋಶಾದಲ್ಲಿ ಸಾಮಾನ್ಯವಾಗಿ ತಿರುಗಿಸುವ ಒಂದು ಚೈನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊದಲ ಸ್ಟಿಚ್ಚಿನಲ್ಲೇ ಹೆಣೆಯಬೇಕು. ಈಗಿನ ಮಫ್ಲರನ್ನು ಬಿಚ್ಚುವುದೊಂದೇ ದಾರಿ. ಅಂಚಿನಲ್ಲಿ ಸೇರಿಸಿ ಸರಿಮಾಡಲು ಹೋದರೆ ತಮ್ಮ ಹಾಕಿಕೊಳ್ಳುವುದಿಲ್ಲ.

ಪ್ರಶ್ನೆ: ‘ಪ್ಯೂರ್ ಉಲ್ಲನ್’ ಎಂದು ಅಂಗಡಿಯಲ್ಲಿ ಕೊಟ್ಟ ದಾರದಲ್ಲಿ ಸ್ವೆಟರ್ ಹೆಣೆದೆ. ಸುಕ್ಕು ಹೋಗಲೆಂದು ಇಸ್ತ್ರಿ ಮಾಡಿದ ಮೇಲೆ ಜೋಲುಬಿದ್ದು, ಒಂದು ಥರ ಹೊಳೆಯುತ್ತಿದೆ. ಮೊದಲಿನಂತೆ ಮಾಡಬಹುದೇ?
– ನಿವೃತ್ತ ಶಿಕ್ಷಕಿ, ಹಾಸನ

ಉತ್ತರ: ಆಗುವುದಿಲ್ಲ ಅಮ್ಮ, ಕ್ಷಮಿಸಿ. ನಿಮ್ಮದು ಅಕ್ರಿಲಿಕ್ ದಾರ. ಅದು ಪ್ಲಾಸ್ಟಿಕ್ಕಿನ ಸಂತತಿ. ಬಿಸಿ ತಾಗಿದರೆ ಎಳೆ ಮೆತ್ತಗಾಗಿ, ಪುಟಿಯುವ ಗುಣ ಕಳೆದುಕೊಂಡು ಹಾಗೆಯೇ ಉಳಿದುಬಿಡುತ್ತದೆ. ತೊಳೆದರೂ ಹಿಂಡಿದರೂ ಅದು ಹಿಂದಕ್ಕೆ ಬಾರದು. ನಮ್ಮ ಅಂಗಡಿಗಳಲ್ಲಿ ಅಕ್ರಿಲಿಕ್ಕನ್ನೂ ಉಲ್ಲನ್ ಎಂದೇ ಮಾರುತ್ತಾರೆ, ಕೊಳ್ಳುವವರೂ ಹಾಗೆಯೇ ಕೇಳುತ್ತಾರೆ. ಲೇಬಲ್ ಇದ್ದರೆ ಓದಿ. ಇಲ್ಲದಿದ್ದರೆ ಸುಟ್ಟು ನೋಡಿ.

ಎರಡು ಅಂಗುಲ ದಾರವನ್ನು ಚಿಮಟದಲ್ಲಿ ಹಿಡಿದು, ಕೆಳಗೆ ನೀರಿರುವ ಸ್ಟೀಲ್ ತಟ್ಟೆ ಇಟ್ಟುಕೊಂಡು, ಬೆಂಕಿಕಡ್ಡಿ ತಾಗಿಸಿ. ನಿಜವಾದ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದೊಡನೆ ತಾನೇ ಆರುತ್ತದೆ. ಉಳಿದ ಕರಿಬೂದಿ ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಹತ್ತಿ ಕಾಗದದಂತೆ ಉರಿದು ಬೂದುಬಣ್ಣದ ಬೂದಿ ಬಿಡುತ್ತದೆ. ಅಕ್ರಿಲಿಕ್ ಕರಗುತ್ತಾ ಹೊಗೆಯಾಡುತ್ತಾ ಉರಿದು, ಆರಿದ ಮೇಲೆ ಗಟ್ಟಿಯಾದ ಕಪ್ಪು ಮಣಿಯಾಗುತ್ತದೆ. ತೊಟ್ಟಿಕ್ಕಿದ ಹನಿ ಚರ್ಮಕ್ಕೆ ಅಂಟಿದರೆ ಸುಟ್ಟುಬಿಡುತ್ತದೆ, ಹಾಗಾಗಿ ಕೈಯಲ್ಲಿ ಹಿಡಿಯಬೇಡಿ. ಅರ್ಧ ಉಣ್ಣೆ ಅರ್ಧ ಅಕ್ರಿಲಿಕ್ ಇರುವ ದಾರದಲ್ಲಿ ವಾಸನೆಯೂ ಬರುತ್ತದೆ, ಮಣಿಯೂ ಉಳಿಯುತ್ತದೆ.

ಅಕ್ರಿಲಿಕ್ಕಿನ ಆಕಾರ ತಿದ್ದಬೇಕಾದರೆ ದಿಂಬಿನ ಮೇಲೆ ಪಿನ್ ಚುಚ್ಚಿ ಹರಡಿ, ನೀರು ಸಿಂಪಡಿಸಿ ಒಣಗಲು ಬಿಡಿ. ಉಣ್ಣೆಗೆ ಬೇರೆಯೇ ರಗಳೆ. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಹುರುಪೆಗಳಿವೆ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಕೂಡಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಸ್ವೆಟರ್ ಮಗುವಿನ ಅಳತೆಗೆ ಕುಗ್ಗುತ್ತದೆ. ತಣ್ಣೀರು, ನೊರೆ ಬರಿಸಿದ ಅಂಟುವಾಳಕಾಯಿ ರಸ, ಉಜ್ಜದೆ ಮೃದುವಾಗಿ ಅದುಮುವುದು, ಟವೆಲ್‌ನಲ್ಲಿ ಸುರುಳಿ ಸುತ್ತಿ ನೀರು ತೆಗೆಯುವುದು, ನೆರಳಿನಲ್ಲಿ ಹಾಸಿ ಒಣಗಿಸುವುದು. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ. ಊರಿನ ಉಣ್ಣೆಯಲ್ಲೇ ಹೆಣೆಯಬಹುದೇ ಎಂದೂ ಕೇಳಿದ್ದೀರಿ. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಹಾಸನ ಎಂಬ ಕುರಿ ತಳಿಯಿದೆ. ಅದರ ಉಣ್ಣೆ ಒರಟು. ಕಂಬಳಿಗೆ ಹೇಳಿಮಾಡಿಸಿದ್ದು, ಕತ್ತಿಗೆ ಸುತ್ತಿಕೊಂಡರೆ ತುರಿಕೆ ತಪ್ಪದು.

ಪ್ರಶ್ನೆ: ಆರಿದ್ರ ಮಳೆ ಹಿಡಿದರೆ ನಮ್ಮಲ್ಲಿ ತಿಂಗಳುಗಟ್ಟಲೆ ಬಟ್ಟೆ ಒಣಗುವುದಿಲ್ಲ. ಅತ್ತೆ ಹೆಣೆದ ಹತ್ತಿ ದಾರದ ಟೇಬಲ್ ಕ್ಲಾತ್‌ಗೆ ಪ್ರತಿ ವರ್ಷ ಬೂಷ್ಟು ಬರುತ್ತಿದೆ.
– ಓದುಗರು, ಸಕಲೇಶಪುರ

ಉತ್ತರ: ಗಂಜಿ ಹಾಕಿ ಎತ್ತಿಡುತ್ತಿದ್ದೀರಾ? ಮೊದಲು ಅದನ್ನು ನಿಲ್ಲಿಸಿ. ತೇವ ಮತ್ತು ಗಂಜಿ ಎರಡೂ ಸಿಕ್ಕರೆ ಬೂಷ್ಟಿಗೆ ಹಬ್ಬ. ಜಿರಲೆಯೂ ಗಂಜಿಯ ಆಸೆಗೆ ದಾರ ಕಡಿಯುತ್ತದೆ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಬಿಸಿಲಿರುವಾಗಲೇ ಗಂಜಿ ಪೂರ್ತಿ ಹೋಗುವಂತೆ ತೊಳೆದು, ಗರಿಗರಿಯಾಗಿ ಒಣಗಿಸಿ, ಬಿಸಿ ಆರಿದ ಮೇಲೆ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ ಇಡಿ. ಮಡಿಕೆ ಹಾಕದೆ ಸುರುಳಿ ಸುತ್ತಿದರೆ ಗೆರೆಯೂ ಬೀಳುವುದಿಲ್ಲ. ಪ್ಲಾಸ್ಟಿಕ್ ಚೀಲ ಬೇಡ. ಒಳಗೆ ಉಳಿದ ಪಸೆ ಅಲ್ಲೇ ಕೂರುತ್ತದೆ. ನಡುವೆ ಹೊಳವಾದ ದಿನ ಹೊರತೆಗೆದು ಗಾಳಿಗೆ ಹರಡಿ.

ಕೆಲವರು ಬೀರುವಿನೊಳಗೆ ಬಲ್ಬ್ ಉರಿಸಿಡುತ್ತಾರೆ. ಅಕ್ರಿಲಿಕ್ ಬಟ್ಟೆ ಬಿಸಿ ಬಲ್ಬಿಗೆ ತಾಗಿದರೆ ಬೂಷ್ಟಿಗಿಂತ ದೊಡ್ಡ ಅನಾಹುತವಾದೀತು, ಬೇಡವೇ ಬೇಡ. ಈಗ ಬಂದಿರುವ ಬೂಷ್ಟನ್ನು ಮನೆಯ ಹೊರಗೆ ಬ್ರಷ್‌ನಿಂದ ಕೊಡವಿ, ಆಮೇಲೆ ಒಗೆಯಿರಿ. ಬಿಳಿ ಹತ್ತಿಯಲ್ಲಿ ಕಪ್ಪು ಚುಕ್ಕೆ ಉಳಿದರೆ ನೀರು ಬೆರೆಸಿ ತೆಳುಮಾಡಿದ ಬ್ಲೀಚ್ ನಡೆಯುತ್ತದೆ. ಉಣ್ಣೆ, ರೇಷ್ಮೆಗೆ ಮಾತ್ರ ಕ್ಲೋರಿನ್ ಬ್ಲೀಚ್ ಮುಟ್ಟಿಸಬೇಡಿ, ಎಳೆಯೇ ಕರಗಿಹೋಗುತ್ತದೆ.

ಪ್ರಶ್ನೆ: ದೀಪಾವಳಿಗೆಂದು ಕೆಂಪು, ಬಿಳಿ ಹತ್ತಿ ದಾರದ ಬಾಗಿಲು ತೋರಣ ಮಾಡಿದ್ದೆ. ತೊಳೆದಾಗ ಕೆಂಪು ಬಿಟ್ಟು ಬಿಳಿಯೆಲ್ಲ ಗುಲಾಬಿಯಾಯಿತು. ಮುಂದಿನ ಸಲ ಉಪ್ಪು, ವಿನಿಗರ್ ಹಾಕಿದರೆ ಬಣ್ಣ ನಿಲ್ಲುತ್ತದೆಯೇ?
– ಗೃಹಿಣಿ, ಬೇಲೂರು

ಉತ್ತರ: ನಿಲ್ಲುವುದಿಲ್ಲ. ಈ ಸಲಹೆ ಕೊಡದ ನೆಂಟರಿಲ್ಲ, ಆದರೂ ಹೇಳುತ್ತೇನೆ. ಉಣ್ಣೆ, ರೇಷ್ಮೆಗೆ ಹಾಕುವ ಕೆಲವು ಬಣ್ಣಗಳಿಗೆ ಹುಳಿಯ ನೆರವು ಬೇಕು. ಹತ್ತಿಯ ಬಣ್ಣಗಳ ರಸಾಯನ ಬೇರೆ, ವಿನಿಗರಿಗೆ ಅಲ್ಲಿ ಕೆಲಸವಿಲ್ಲ. ಉಪ್ಪು ಬಣ್ಣ ಅದ್ದುವ ಹೊತ್ತಿನಲ್ಲಿ ಉಪಯೋಗಕ್ಕೆ ಬರುತ್ತದೆ, ಅದ್ದಿ ಮುಗಿದು ಅಂಗಡಿಗೆ ಬಂದ ದಾರಕ್ಕೆ ಅದರಿಂದ ಏನೂ ಆಗುವುದಿಲ್ಲ.

ಹೆಣೆಯುವ ಮೊದಲೇ ದಾರವನ್ನು ಪರೀಕ್ಷಿಸಿ. ಕೆಂಪು ದಾರದ ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಇಟ್ಟು ಒತ್ತಿ. ಬಣ್ಣ ಹತ್ತಿದರೆ ಉಂಡೆಯನ್ನು ಬಿಚ್ಚಿ ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿಕೊಳ್ಳಿ. ನಾಲ್ಕು ಕಡೆ ಸಡಿಲವಾಗಿ ಕಟ್ಟಿ. ಬಿಗಿಯಾಗಿ ಕಟ್ಟಿದರೆ ಗಂಟಿನಡಿಯ ಬಣ್ಣ ಹೋಗದು. ಬಿಸಿನೀರಿನಲ್ಲಿ ಅದ್ದಿ ತೆಗೆದು, ನೀರು ತಿಳಿಯಾಗುವವರೆಗೆ ಬದಲಿಸುತ್ತಾ ಹೋಗಿ. ಐದಾರು ಸಲವಾದರೂ ನೀರು ಕೆಂಪಗೆ ಬರುತ್ತಲೇ ಇದ್ದರೆ ಆ ದಾರವನ್ನು ಬಿಳಿಯ ಪಕ್ಕಕ್ಕೆ ಸೇರಿಸಬೇಡಿ.

ಈಗಿನ ತೋರಣ ಒಣಗಿ ಹೋಗಿದ್ದರೆ ಬಿಳಿ ಮರಳಿ ಬರುವುದು ಕಷ್ಟ. ಕಾಫಿ ನಾಡಿನವರಿಗೆ ಒಂದು ಉಪಾಯವಿದೆ: ಗಟ್ಟಿ ಡಿಕಾಕ್ಷನ್‌ನಲ್ಲಿ ಒಂದೆರಡು ಗಂಟೆ ನೆನೆಸಿದರೆ ಗುಲಾಬಿ ಮರೆಯಾಗಿ ತಿಳಿ ಕಂದು ಬರುತ್ತದೆ. ಒಗೆದಂತೆಲ್ಲ ಮಾಸುವ ಬಣ್ಣ, ಆದರೆ ತೋರಣವನ್ನು ವಾರವಾರ ಯಾರು ಒಗೆಯುತ್ತಾರೆ? ಚಿಕೋರಿ ಬೆರೆಸಿದ ಪುಡಿಯಾದರೂ ಪರವಾಗಿಲ್ಲ.

ಪ್ರಶ್ನೆ: ಶಾಲು ಅರ್ಧವಾದಾಗ ದಾರ ಮುಗಿಯಿತು. ಅದೇ ನಂಬರ್ ಹೇಳಿ ತಂದ ಉಂಡೆಯ ಬಣ್ಣ ಬೇರೆಯಾಗಿ ಎದ್ದು ಕಾಣುತ್ತಿದೆ.
– ಓದುಗರು, ಕಡೂರು

ಉತ್ತರ: ಬಣ್ಣದ ನಂಬರ್ ಒಂದೇ ಆದರೂ ಡೈ ಲಾಟ್, ಅಂದರೆ ಒಟ್ಟಿಗೆ ಬಣ್ಣ ಅದ್ದಿದ ಕಂತು, ಬೇರೆ. ಲೇಬಲ್ಲಿನಲ್ಲಿ ಎರಡೂ ಅಚ್ಚಾಗಿರುತ್ತವೆ. ಹಳೆಯ ಉಂಡೆಯ ಭಾಗವನ್ನು ಸ್ವಲ್ಪ ಬಿಚ್ಚಿ, ಹಳೆಯದರಲ್ಲಿ ಎರಡು ಸಾಲು, ಹೊಸದರಲ್ಲಿ ಎರಡು ಸಾಲು ಎಂದು ಒಂದು ಗೇಣು ಹೆಣೆದು ಆಮೇಲೆ ಪೂರ್ತಿ ಹೊಸದಕ್ಕೆ ಹೋಗಿ. ಗೆರೆ ಕಾಣುವುದಿಲ್ಲ.

ಪ್ರಶ್ನೆ: ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮೊಮ್ಮಗುವಿಗೆ ಕುಲಾವಿ ಹೆಣೆಯಲು ಯಾವ ದಾರ ಒಳ್ಳೆಯದು? ನಾನು ಹಿಂದೆ ಹೆಣೆದಿದ್ದ ಕುಲಾವಿಗಳು ನುಸಿಗುಳಿಗೆ ಹಾಕಿದ ಟ್ರಂಕಿನಲ್ಲಿವೆ, ಅವನ್ನು ಹಾಕಬಹುದೇ?
– ಅಜ್ಜಿ, ಮೂಡಿಗೆರೆ

ಉತ್ತರ: ಟ್ರಂಕಿನವನ್ನು ಹಾಕಬೇಡಿ ಅಮ್ಮ. ನುಸಿಗುಳಿಗೆಯ ನ್ಯಾಫ್ತಲೀನ್, ಹುಟ್ಟಿನಿಂದಲೇ ಒಂದು ಬಗೆಯ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಯಾವ ಮಗುವಿಗೆ ಆ ಕೊರತೆ ಇದೆಯೆಂದು ಮುಖ ನೋಡಿ ತಿಳಿಯುವುದಿಲ್ಲ. ಮಗುವಿನ ಬಟ್ಟೆಗಳ ಹತ್ತಿರಕ್ಕೆ ಆ ಗುಳಿಗೆಯೇ ಬರಬಾರದು. ಅಂದಹಾಗೆ, ನುಸಿ ತಿನ್ನುವುದು ಉಣ್ಣೆಯನ್ನು. ಅಕ್ರಿಲಿಕ್ ಬಟ್ಟೆಗಳಿಗೆ ಗುಳಿಗೆ ಹಾಕುವುದು ದಂಡ.

ಹೊಸದಕ್ಕೆ ಮೆತ್ತನೆಯ ಹತ್ತಿ ದಾರ ತೆಗೆದುಕೊಳ್ಳಿ. ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವ ಪದ್ಧತಿ ನಿಮ್ಮಲ್ಲಿದ್ದರೆ ಕರಗಿ ಅಂಟುವ ಅಕ್ರಿಲಿಕ್ ಬೇಡ. ದೊಡ್ಡ ತೂತುಗಳ ಜಾಲರಿ ವಿನ್ಯಾಸದಲ್ಲಿ ಎಳೆಯ ಬೆರಳು ಸಿಕ್ಕಿಕೊಳ್ಳುತ್ತದೆ, ಒತ್ತಾದ ಸಿಂಗಲ್ ಕ್ರೋಶಾ ಸಾಕು. ನೆತ್ತಿಯಿಂದ ಶುರುಮಾಡಿ, ಚಿಕ್ಕಮಗಳೂರಿನ ಪ್ರಶ್ನೆಗೆ ಹೇಳಿದ ಲೆಕ್ಕದಲ್ಲೇ ಹೆಚ್ಚಿಸುತ್ತಾ ಬಂದು, ಬಿಲ್ಲೆ ಸುಮಾರು ನಾಲ್ಕೂವರೆ ಅಂಗುಲ ಅಗಲವಾದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿದರೆ ಅದು ತಾನಾಗಿ ಟೋಪಿಯಾಗುತ್ತದೆ. ಮಣಿ, ಗುಂಡಿ, ಉದ್ದನೆಯ ಲಾಡಿ ಬೇಡ. ದಾರದ ತುದಿಗಳನ್ನು ಗಂಟು ಹಾಕಿ ಕತ್ತರಿಸದೆ, ಮೊಂಡು ಸೂಜಿಯಲ್ಲಿ ಒಂದು ದಿಕ್ಕಿಗೆ ತೂರಿಸಿ, ಮತ್ತೆ ಹಿಂದಕ್ಕೆ ತಂದು, ಹೊರಮೈಯ ಕಡೆಗೆ ಮುಗಿಸಿ. ಒಳಗಿನ ಗಂಟು ಎಳೆಯ ನೆತ್ತಿಗೆ ಒತ್ತುತ್ತದೆ. ತೊಡಿಸುವ ಮೊದಲು ಒಮ್ಮೆ ಒಗೆದು ಬಿಸಿಲಿನಲ್ಲಿ ಒಣಗಿಸಿ, ಮಗು ಮಲಗಿದಾಗ ತೆಗೆದಿಡಿ.