ಹತ್ತಿ ಬಿಡಿಸೋ ಹೊತ್ತಿಗೆ ತರಗತಿ ಖಾಲಿ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಜೂನ್‌ನಲ್ಲಿ ಏಳನೇ ತರಗತಿಗೆ 31 ಮಕ್ಕಳು ಬರುತ್ತಿದ್ದರು. ದಸರಾ ರಜೆ ಮುಗಿದ ಮೇಲೆ 18 ಆದರು. ಹೆಣ್ಣುಮಕ್ಕಳು ಹತ್ತಿ ಬಿಡಿಸಲು ಹೋಗುತ್ತಾರೆ. ಕೆಲವರು ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಪಾಲಕರ ಸಭೆಗೆ ನಾಲ್ಕು ಜನವೂ ಬರುವುದಿಲ್ಲ. ಮಕ್ಕಳ ಓದಿನ ಮೇಲೆ ಇವರಿಗೆ ಕಾಳಜಿಯೇ ಇಲ್ಲವೇ?

ಉತ್ತರ: ಸಭೆ ಎಷ್ಟು ಗಂಟೆಗೆ ಇಡುತ್ತೀರಿ ಮೇಡಂ? ಬೆಳಿಗ್ಗೆ ಹನ್ನೊಂದಕ್ಕೆ, ಅಲ್ವಾ? ಆಗ ಅವರು ಹೊಲದಲ್ಲಿರುತ್ತಾರೆ. ಹತ್ತಿ ಬಿಡಿಸಿದ್ದಕ್ಕೆ ಕೂಲಿ ಕಿಲೋ ಲೆಕ್ಕ. ಸಭೆಗೆ ಬಂದರೆ ಅರ್ಧ ದಿನದ ದುಡಿಮೆ ಹೋಯಿತು. ಹನ್ನೆರಡು ವರ್ಷದ ಹುಡುಗಿ ಹೊಲಕ್ಕೆ ಹೋಗುವುದೂ ಇದೇ ಲೆಕ್ಕದಿಂದಲೇ. ಕೈ ಜಾಸ್ತಿ ಇದ್ದರೆ ಕಿಲೋ ಜಾಸ್ತಿ.

ನಾನು ಕೆಲಸ ಮಾಡಿದ ಒಂದು ಊರಲ್ಲಿ ಸಭೆಯನ್ನು ಸಂಜೆ ಏಳಕ್ಕೆ, ಗುಡಿ ಕಟ್ಟೆಗೆ ತಂದೆವು. ಭಾಷಣ ಬೇಡ, ಮಕ್ಕಳ ನೋಟ್‌ಬುಕ್ ಮಾತ್ರ ತನ್ನಿ ಎಂದು ಶಿಕ್ಷಕರಿಗೆ ಹೇಳಿದ್ದೆ. ಒಬ್ಬ ತಾಯಿ ಮಗಳ ಪುಸ್ತಕ ತಿರುವಿ, ಕೆಂಪು ಟಿಕ್ ಮೇಲೆ ಬೆರಳಿಟ್ಟು ಕೇಳಿದರು: ‘ಇದು ಸರಿ ಅಂತೇನ್ರಿ, ತಪ್ಪಂತೇನ್ರಿ?’ ಆರು ವರ್ಷ ಆ ಪುಸ್ತಕಗಳು ಅವರ ಮನೆಗೆ ಹೋಗಿ ಬಂದಿದ್ದವು. ಆ ಗುರುತು ಏನು ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಮಗಳು ತಮ್ಮ ಆಡಿನ ಬಗ್ಗೆ ಬರೆದಿದ್ದ ನಾಲ್ಕು ಸಾಲನ್ನು ಶಿಕ್ಷಕರು ಓದಿ ಹೇಳಿದರು. ಮುಂದಿನ ಸಭೆಗೆ ಆ ತಾಯಿ ಓಣಿಯ ಇನ್ನಿಬ್ಬರನ್ನು ಕರೆತಂದಿದ್ದರು.

ನಾವು ಮಾಡುವ ದೊಡ್ಡ ತಪ್ಪು ಇದೇ. ಮಗು ಶಾಲೆ ಬಿಟ್ಟ ಮೇಲೆ ಮನೆಗೆ ಹೋಗುತ್ತೇವೆ. ಮೇಷ್ಟ್ರು ಬಂದರು ಅಂದರೆ ದೂರು ತಂದರು ಅಂತಲೇ ಮನೆಯವರು ಹೆದರುತ್ತಾರೆ. ಜುಲೈನಲ್ಲೇ, ಏನೂ ತೊಂದರೆ ಇಲ್ಲದ ದಿನ ಒಮ್ಮೆ ಹೋಗಿ ಚಹಾ ಕುಡಿದು ಬನ್ನಿ. ಅಕ್ಟೋಬರ್‌ನಲ್ಲಿ ಮಾತು ಸಲೀಸಾಗುತ್ತದೆ.

ಹಾಜರಾತಿ ವಿಷಯ. ಸತತ ಏಳು ದಿನ ಕಾರಣವಿಲ್ಲದೆ ಬಾರದ ಮಗುವನ್ನು ನಮ್ಮ ರಾಜ್ಯದಲ್ಲಿ ಶಾಲೆಯಿಂದ ಹೊರಗುಳಿದ ಮಗು ಎಂದು ಎಣಿಸುತ್ತಾರೆ. ಮೊದಲು ಇದು 60 ದಿನ ಇತ್ತು. 2013ರಲ್ಲಿ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡ ಮೇಲೆ ನಿಯಮ ಬಿಗಿಯಾಯಿತು. ನನ್ನ ಕೇಳಿದರೆ ಏಳು ದಿನವೂ ತಡವೇ. ಮೂರನೇ ದಿನ ಸಂಜೆ ಯಾರಾದರೂ ಆ ಮನೆ ಬಾಗಿಲಲ್ಲಿರಬೇಕು. ನೀವೇ ಹೋಗಬೇಕೆಂದಿಲ್ಲ. ಕಾನೂನಿನ ಪ್ರಕಾರ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ, ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಹೆಂಗಸರು ಇರಬೇಕು. ಸುಮ್ನೆ ಸಹಿಗೆ ಮಾತ್ರ ಅವರನ್ನು ಕರೆಯಬೇಡಿ. ಅದೇ ಓಣಿಯ ಸದಸ್ಯೆ ಹೋಗಿ ಕೇಳಿದರೆ ನಿಜ ಹೊರಗೆ ಬರುತ್ತದೆ.

ಇನ್ನು ಗುಳೆ. ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡ ಮೇಲೆ ಮಾತಾಡಿ ಏನೂ ಉಪಯೋಗವಿಲ್ಲ. ಅದಕ್ಕೂ ಮುಂಚೆ ಕೇಳಿ: ಮಗುವನ್ನು ಅಜ್ಜಿ ಹತ್ತಿರ ಬಿಡಲಾಗುತ್ತದಾ, ಗುಳೆ ಹೋಗುವವರ ಮಕ್ಕಳಿಗೆಂದು ಹತ್ತಿರದಲ್ಲಿ ಹಾಸ್ಟೆಲ್ ನಡೆಯುತ್ತಿದೆಯಾ? ಕರೆದುಕೊಂಡೇ ಹೋಗುವುದಾದರೆ ಒಂದು ಚೀಟಿ ಬರೆದು ಕೊಡಿ. ಮಗುವಿನ ತರಗತಿ, ಸ್ಯಾಟ್ಸ್ ನಂಬರ್ (ಇಲಾಖೆಯ ಕಂಪ್ಯೂಟರ್ ದಾಖಲೆಯಲ್ಲಿ ಮಗುವಿಗಿರುವ ಸಂಖ್ಯೆ), ನಿಮ್ಮ ಫೋನ್ ನಂಬರ್ ಅದರಲ್ಲಿರಲಿ. ಟಿಸಿ ಇಲ್ಲ, ವರ್ಷದ ನಡುವೆ ಬಂದಿದ್ದೀರಿ ಎಂದು ಬೆಂಗಳೂರಿನ ಶಾಲೆ ವಾಪಸ್ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಈ ಮಾತು ಅವರಿಗೆ ಊರು ಬಿಡುವ ಮುಂಚೆ ಗೊತ್ತಿರಬೇಕು.

ಹುಡುಗಿ ನಾಲ್ಕು ತಿಂಗಳ ಮೇಲೆ ತಿರುಗಿ ಬರುತ್ತಾಳೆ ಅನ್ನಿ. ‘ಏನಮ್ಮಾ ಮಹಾರಾಣಿ, ಈಗ ನೆನಪಾಯ್ತಾ ಶಾಲೆ?’ ಅಂತ ತರಗತಿಯ ಎದುರು ಒಂದು ಮಾತು ಅಂದರೆ ಸಾಕು, ಮರುದಿನ ಅವಳು ಬರುವುದಿಲ್ಲ. ಹೀಗೆ ಹೋದವರನ್ನು ನಾನು ಕಂಡಿದ್ದೇನೆ. ಬಂದ ದಿನ ಪಕ್ಕಕ್ಕೆ ಒಬ್ಬ ಗೆಳತಿಯನ್ನು ಕೂರಿಸಿ, ಬಿಸಿಯೂಟಕ್ಕೆ ಜೊತೆಗೆ ಕಳಿಸಿ. ತಪ್ಪಿದ ಪಾಠ ನಾಳೆ ನೋಡಿಕೊಂಡರಾಯಿತು.

ಪ್ರಶ್ನೆ: ಮಗ ಒಂಬತ್ತನೇ ತರಗತಿ. ಶಾಲೆ ಬೇಡ, ಗ್ಯಾರೇಜಿಗೆ ಹೋಗ್ತೀನಿ ಅಂತಾನೆ. ಶಾಲೆಗೆ ಹೋದರೆ ‘ನಿಮ್ಮ ಹುಡುಗ ಉದ್ಧಾರ ಆಗಲ್ಲ’ ಅಂತ ನನಗೇ ಬೈತಾರೆ. — ದಾವಣಗೆರೆಯ ಒಬ್ಬ ತಂದೆ

ಉತ್ತರ: ಬೈಗುಳ ಕೇಳಿಸಿಕೊಂಡು ಬರಬೇಡಿ, ಅಣ್ಣಾ. ತರಗತಿ ಶಿಕ್ಷಕರನ್ನು ಒಬ್ಬರೇ ಇರುವಾಗ ಕಂಡು ಒಂದೇ ಪ್ರಶ್ನೆ ಕೇಳಿ: ‘ಇವನು ಯಾವ ಪಾಠದಿಂದ ಹಿಂದೆ ಬಿದ್ದ ಸರ್?’ ಸಾಮಾನ್ಯವಾಗಿ ಅದು ಗಣಿತ, ಎರಡು ಮೂರು ವರ್ಷದ ಹಳೆಯ ಗಣಿತ. ಭಿನ್ನರಾಶಿ ಬಾರದ ಹುಡುಗ ಬೀಜಗಣಿತದ ಪೀರಿಯಡ್‌ನಲ್ಲಿ ದಿನವೂ ಅವಮಾನ ನುಂಗುತ್ತಾ ಕೂರುತ್ತಾನೆ. ಗ್ಯಾರೇಜಿನಲ್ಲಿ ಅವನ ಕೈಗೆ ಕೆಲಸ ಗೊತ್ತು, ಅಲ್ಲಿ ಮರ್ಯಾದೆ ಸಿಗುತ್ತದೆ.

ಗ್ಯಾರೇಜಿನ ಆಸೆಗೆ ಬೈಯಬೇಡಿ. ಒಂದು ಭಾನುವಾರ ನೀವಿಬ್ಬರೂ ಐಟಿಐ ಕಲಿತ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋಗಿ ಕೂತು ಮಾತಾಡಿ. ಐಟಿಐನಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಟ್ರೇಡಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಅಂತ ಅವರ ಬಾಯಿಂದಲೇ ಅವನು ಕೇಳಲಿ. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತವೆ, ಅದನ್ನೂ ಹೇಳಿ.