ಆಪರೇಷನ್ ಚೆನ್ನಾಗಿ ಮಾಡಿದವರಿಗೆ ಏನು ಕೊಡೋದು? ನನ್ನ ಉಡಿದಾರದ ಕಥೆ

ನಿಮ್ಮ ಪ್ರಶ್ನೆ ಇದು: ಅಮ್ಮನಿಗೆ ಚಿಕ್ಕಮಗಳೂರಿನಲ್ಲಿ ಆಪರೇಷನ್ ಆಯಿತು, ಆಸ್ಪತ್ರೆಯವರು ಮನೆಯವರ ಹಾಗೆ ನೋಡಿಕೊಂಡರು, ಅವರಿಗೆ ಥ್ಯಾಂಕ್ಸ್ ಹೇಗೆ ಹೇಳೋದು, ದುಡ್ಡು ಕೊಟ್ಟರೆ ತಪ್ಪಾಗುತ್ತಾ?

ದುಡ್ಡಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ಕೊಡಬೇಡಿ. ಸರ್ಕಾರಿ ಆಸ್ಪತ್ರೆಯಾದರೆ ಇಸ್ಕೊಂಡವರ ಕೆಲಸಕ್ಕೇ ಕುತ್ತು. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಲಂಚ ಕೊಟ್ಟವರ ಮೇಲೂ ಕೇಸು ಹಾಕಬಹುದು. ನಿಮ್ಮದು ಲಂಚ ಅಲ್ಲ, ಖುಷಿಗೆ ಕೊಡೋದು, ಗೊತ್ತು. ಆದರೆ ನೀವು ಖುಷಿಗೆ ಇನ್ನೂರು ರೂಪಾಯಿ ಕೊಡುವುದನ್ನು ಪಕ್ಕದ ಬೆಡ್ಡಿನ ಅಜ್ಜಿಯ ಮಗ ನೋಡುತ್ತಿರುತ್ತಾನೆ. ನಾನೂ ಕೊಡಬೇಕೇನೋ ಅಂತ ಜೇಬು ತಡಕುತ್ತಾನೆ. ಅವನ ಹತ್ತಿರ ಊರಿಗೆ ವಾಪಸ್ ಹೋಗುವ ಬಸ್ ಚಾರ್ಜು ಮಾತ್ರ ಇರುತ್ತೆ.

ಥ್ಯಾಂಕ್ಸ್ ಹೇಳೋದು ಹೇಗೆ ಅನ್ನುವುದಕ್ಕೆ ನನ್ನದೇ ಕಥೆ ಹೇಳಬೇಕು. ಸ್ವಲ್ಪ ಉದ್ದ, ಬೇಜಾರು ಮಾಡ್ಕೋಬೇಡಿ.

ನಾನು ಸಕಲೇಶಪುರ ಕಡೆ ಒಂದು ಕಾಫಿ ಎಸ್ಟೇಟ್‌ನಲ್ಲಿ ರೈಟರ್. ರೈಟರ್ ಅಂದರೆ ಕಥೆ ಬರೆಯೋನಲ್ಲ, ಮಸ್ಟರ್ ಬರೆಯೋನು. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಕುಯ್ದ ಹಣ್ಣಿನ ತೂಕ, ವಾರಕ್ಕೊಮ್ಮೆ ಬಟವಾಡೆ. ಎಂಟು ತಿಂಗಳಿಂದ ಹೊಟ್ಟೆನೋವು ಬರುತ್ತಿತ್ತು. ಬಾಡೂಟ ಮಾಡಿದ ರಾತ್ರಿ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡು ಬೆನ್ನಿಗೆ ಹೋಗುತ್ತಿತ್ತು. ಗ್ಯಾಸ್ಟ್ರಿಕ್ ಅಂತ ನಾನೇ ತೀರ್ಮಾನ ಮಾಡಿ, ಸೋಡಾ ಕುಡಿದು, ಮಾತ್ರೆ ನುಂಗಿ ಕಾಲ ಹಾಕಿದೆ. ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದ ತುಂಬ ಕಲ್ಲು. ಬರೀ ಕಲ್ಲು ತೆಗೆದರೆ ಸಾಕಲ್ವಾ ಅಂತ ಕೇಳಿದೆ. ಕಲ್ಲು ತೆಗೆದು ಚೀಲ ಬಿಟ್ಟರೆ ಮತ್ತೆ ಕಲ್ಲು ಆಗುತ್ತೆ, ಪಿತ್ತ ತಯಾರಾಗೋದು ಲಿವರ್‌ನಲ್ಲಿ, ಈ ಚೀಲ ಸುಮ್ನೆ ಗೋಡೌನು, ಇಲ್ಲದಿದ್ದರೂ ನಡೆಯುತ್ತೆ ಅಂದರು. ಗೋಡೌನು ಅಂದ ತಕ್ಷಣ ನನಗೆ ಅರ್ಥ ಆಯಿತು.

ಫೆಬ್ರವರಿ ಮೊದಲ ವಾರ, ರೋಬಸ್ಟಾ ಕಾಫಿ ಕುಯ್ಲು ಜೋರಾಗಿ ನಡೆಯುತ್ತಿದ್ದಾಗಲೇ ಹಾಸನಕ್ಕೆ ಹೋಗಿ ಅಡ್ಮಿಟ್ ಆದೆ. ನಲವತ್ತು ಕಿಲೋಮೀಟರ್ ದಾರಿ. ನಸುಕಿನಲ್ಲಿ ಹೊರಟರೆ ನಮ್ಮ ಕಡೆ ಆನೆ ಭಯ, ಬಾಳ್ಳುಪೇಟೆ ದಾಟುವವರೆಗೆ ಹೆಂಡತಿ ಕಿಟಕಿ ಬಿಟ್ಟು ಕಣ್ಣು ತೆಗೆಯಲಿಲ್ಲ. ಯಾವ ಆಸ್ಪತ್ರೆ ಅಂತ ಹೇಳಲ್ಲ. ಸರ್ಕಾರಿಯೋ ಪ್ರೈವೇಟೋ ಅಂತಲೂ ಹೇಳಲ್ಲ. ಹೇಳಿದ ಕೂಡಲೇ ಇಲ್ಲಿ ಜಗಳ ಶುರುವಾಗುತ್ತೆ, ನನ್ನ ಕಥೆ ಯಾರೂ ಓದಲ್ಲ.

ಹಿಂದಿನ ದಿನ ಸಂಜೆ ಅನಸ್ತೇಶಿಯಾ, ಅಂದರೆ ಮತ್ತು ಬರಿಸುವ ಔಷಧಿ, ಕೊಡುವ ಡಾಕ್ಟರಮ್ಮ ಬಂದರು. ಬಾಯಿ ಅಗಲಿಸಿ ಅಂದರು, ಕತ್ತು ಹಿಂದಕ್ಕೆ ಬಾಗಿಸಿ ಅಂದರು, ಅಲ್ಲಾಡೋ ಹಲ್ಲು ಇದೆಯಾ, ಕಟ್ಟಿಸಿದ ಹಲ್ಲು ಇದೆಯಾ, ಬೀಡಿ ಸೇದ್ತೀರಾ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ... ಹೊಟ್ಟೆ ಆಪರೇಷನ್‌ಗೆ ಹಲ್ಲಿನ ಲೆಕ್ಕ ಯಾಕೆ ಮೇಡಂ ಅಂದೆ. ಮತ್ತಿಗೆ ಜಾರಿದ ಮೇಲೆ ಉಸಿರಾಟಕ್ಕೆ ಗಂಟಲಲ್ಲಿ ಕೊಳವೆ ಇಳಿಸುತ್ತಾರಂತೆ, ಸಡಿಲ ಹಲ್ಲು ಇದ್ದರೆ ಬಿದ್ದು ಒಳಗೆ ಹೋಗಬಹುದಂತೆ. ನಾನು ಇಷ್ಟು ವರ್ಷ ತಿಳಿದುಕೊಂಡಿದ್ದೇನು ಗೊತ್ತಾ? ಅವರು ಒಂದು ಇಂಜೆಕ್ಷನ್ ಕೊಟ್ಟು ಹೊರಗೆ ಹೋಗಿ ಕಾಫಿ ಕುಡಿಯುತ್ತಾರೆ ಅಂತ. ಆಪರೇಷನ್ ಮುಗಿಯುವವರೆಗೂ ನಮ್ಮ ತಲೆ ಹತ್ತಿರವೇ ಇದ್ದು ಉಸಿರು, ಬಿಪಿ, ನಾಡಿ ನೋಡಿಕೊಳ್ಳುವವರು ಅವರೇ. ನಾವು ಕಣ್ಣು ಬಿಟ್ಟಾಗ ಹೊಗಳುವುದು ಮಾತ್ರ ಕುಯ್ದವರನ್ನು.

ರಾತ್ರಿ ಹತ್ತರ ಮೇಲೆ ಏನೂ ತಿನ್ನಬೇಡಿ ಅಂತ ಕಟ್ಟುನಿಟ್ಟು. ನನ್ನ ಪಕ್ಕದ ಬೆಡ್ಡಿನವನು ಬೆಳಿಗ್ಗೆ ಹಸಿವು ತಡೆಯಲಾರದೆ ಕದ್ದು ಒಂದು ಬಾಳೆಹಣ್ಣು ತಿಂದ. ಸಿಪ್ಪೆ ದಿಂಬಿನ ಕೆಳಗೆ ಸಿಕ್ಕಿತು. ಅವನ ಆಪರೇಷನ್ ಮುಂದಕ್ಕೆ ಹೋಯಿತು. ಸಿಸ್ಟರ್ ಬೈದಿದ್ದು ಇಡೀ ವಾರ್ಡಿಗೆ ಕೇಳಿಸಿತು. ಹೊಟ್ಟೆಯಲ್ಲಿ ಇದ್ದದ್ದು ಮತ್ತಿನಲ್ಲಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ, ಅದಕ್ಕೆ ಆ ಬೈಗುಳ.

ಈಗ ಉಡಿದಾರದ ವಿಷಯಕ್ಕೆ ಬರುತ್ತೇನೆ.

ಬೆಳಿಗ್ಗೆ ಒಬ್ಬ ವಾರ್ಡ್ ಬಾಯ್ ಬಂದ. ಹೊಟ್ಟೆ ಮೇಲಿನ ಕೂದಲು ತೆಗೆದ. ಆಮೇಲೆ ಕತ್ತರಿ ಕೈಗೆ ತೆಗೆದುಕೊಂಡು, 'ಅಣ್ಣ, ಉಡಿದಾರ ತೆಗೀಬೇಕು' ಅಂದ. ಹೊಟ್ಟೆ ಆಪರೇಷನ್ ಅಂದ ಮೇಲೆ ಸೊಂಟದ ಮೇಲೆ ಕೊಳೆ ಹಿಡಿದ ದಾರ ಬಿಡುತ್ತಾರಾ, ಬಿಡಲ್ಲ. ಅದು ನನಗೂ ಗೊತ್ತು. ಆದರೆ ನಮ್ಮಜ್ಜಿ ಹೇಳುತ್ತಿದ್ದ ಮಾತು ಆ ಹೊತ್ತಿಗೇ ನೆನಪಾಗಬೇಕಾ? ಗಂಡಸಿನ ಉಡಿದಾರ ಕತ್ತರಿಸೋದು ಹೆಣಕ್ಕೆ ಮಾತ್ರ ಅನ್ನುತ್ತಿದ್ದಳು. ಹಳೇದು ಸವೆದರೆ ಮೊದಲು ಹೊಸದು ಕಟ್ಟಿ, ಆಮೇಲೆ ಹಳೇದು ಬಿಚ್ಚುತ್ತಿದ್ದರು ನಮ್ಮ ಮನೆಯಲ್ಲಿ. ನಾನೇನೂ ಅಂಥ ಶಾಸ್ತ್ರದವನಲ್ಲ. ಎಸ್‌ಎಸ್‌ಎಲ್‌ಸಿ ಪಾಸಾಗಿದ್ದೇನೆ, ಪೇಪರ್ ಓದುತ್ತೇನೆ. ಆದರೂ ಕತ್ತರಿ ನೋಡಿ ಬಾಯಿ ಒಣಗಿಹೋಯಿತು. ಏನೂ ಹೇಳಲಿಲ್ಲ. ಹೆಂಡತಿ ಮಾತ್ರ ಗೋಡೆ ಕಡೆ ತಿರುಗಿ ನಿಂತಳು.

ಆ ಹುಡುಗ ಒಂದು ಸಲ ನನ್ನ ಮುಖ ನೋಡಿದ, ಒಂದು ಸಲ ಅವಳ ಬೆನ್ನು ನೋಡಿದ. ಕತ್ತರಿಯನ್ನು ಟ್ರೇನಲ್ಲಿ ಇಟ್ಟ. ಸ್ಟೂಲ್ ಎಳೆದುಕೊಂಡು ಕೂತು ಗಂಟು ಬಿಚ್ಚೋಕೆ ಶುರು ಮಾಡಿದ. ಎರಡು ವರ್ಷದ ಗಂಟು ಅದು, ಬೆವರು, ಎಣ್ಣೆ, ಸೋಪು ಎಲ್ಲ ಕುಡಿದು ಕಲ್ಲಾಗಿತ್ತು. ಉಗುರಿನಲ್ಲಿ ಕೆರೆದ, ಆಗಲಿಲ್ಲ. ಸೂಜಿಯ ಮೊನೆ ತೂರಿಸಿ ಸಡಿಲ ಮಾಡಿದ. ಹೊರಗಿನಿಂದ ಯಾರೋ ಕರೆದರು, 'ಬಂದೆ ಸಾರ್, ಎರಡು ನಿಮಿಷ' ಅಂದ. ಐದಾರು ನಿಮಿಷ ಆಗಿರಬೇಕು. ಗಂಟು ಬಿಚ್ಚಿಕೊಂಡಿತು. ದಾರವನ್ನು ಬೆರಳಿಗೆ ಸುತ್ತಿ, ಹತ್ತಿ ಬಟ್ಟೆಯ ಚೂರಿನಲ್ಲಿ ಮಡಚಿ ನನ್ನ ಹೆಂಡತಿ ಕೈಗೆ ಕೊಟ್ಟ. 'ಅಕ್ಕ, ಜೋಪಾನ. ಹೊಲಿಗೆ ಒಣಗಿದ ಮೇಲೆ ಇದನ್ನೇ ಕಟ್ಟಿ' ಅಂದ. ಅಷ್ಟೇ. ಮುಂದಿನ ಬೆಡ್ಡಿಗೆ ಹೋದ.

ಥಿಯೇಟರ್ ಒಳಗೆ ಮೈ ನಡುಗುವಷ್ಟು ಚಳಿ. ಒಬ್ಬರು ಬಂದು ಹೆಸರೇನು, ಏನು ಆಪರೇಷನ್, ಯಾವ ಔಷಧಿ ಆಗಲ್ಲ ಅಂತ ಕೇಳಿದರು. ಎರಡು ನಿಮಿಷಕ್ಕೆ ಇನ್ನೊಬ್ಬರು ಅದನ್ನೇ ಕೇಳಿದರು. ಮೂರನೆಯವರೂ ಕೇಳಿದಾಗ, ಇವರಿಗೆ ನಾನು ಯಾರು ಅಂತಲೇ ಗೊತ್ತಿಲ್ಲವಲ್ಲಪ್ಪ ಅಂತ ಎದೆ ಧಸಕ್ ಅಂತು. ಆಮೇಲೆ ನರ್ಸಿಂಗ್ ಓದುತ್ತಿರುವ ತಂಗಿ ಮಗಳು ಹೇಳಿದಳು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್‌ಗೆ ಅಂತಲೇ ಒಂದು ಪಟ್ಟಿ ಮಾಡಿದೆ, 19 ಅಂಶ ಇದೆ. ಮತ್ತಿನ ಔಷಧಿ ಕೊಡುವ ಮುಂಚೆ, ಕುಯ್ಯುವ ಮುಂಚೆ, ಥಿಯೇಟರ್‌ನಿಂದ ಆಚೆ ತರುವ ಮುಂಚೆ, ಹೀಗೆ ಮೂರು ಸಲ ಬಾಯಿಬಿಟ್ಟು ಹೇಳಿ ತಾಳೆ ನೋಡಬೇಕು. ಕೊನೆಗೆ ಹತ್ತಿ, ಸೂಜಿ, ಸಾಮಾನು ಎಲ್ಲ ಎಣಿಸಬೇಕು, ಒಳಗೆ ಏನೂ ಉಳಿದಿಲ್ಲ ಅಂತ. ಇದು ನನ್ನ ಮಸ್ಟರ್ ಅಲ್ವಾ! ದಿನಾ ನೋಡುವ ಮುಖವೇ ಆದರೂ ಹೆಸರು ಕೂಗಿ, 'ಇದ್ದೀನಿ' ಅನ್ನಿಸಿಕೊಂಡೇ ಟಿಕ್ ಹಾಕುತ್ತೇನೆ. ಗೊತ್ತಿದ್ದಿದ್ದರೆ ಅವತ್ತು ಹೆದರುತ್ತಿರಲಿಲ್ಲ, ಮೆಚ್ಚಿಕೊಳ್ಳುತ್ತಿದ್ದೆ.

ಡಾಕ್ಟರಮ್ಮ ಬಂದು ಹೊದಿಕೆ ಎಳೆದು, 'ನಿಮ್ಮ ತೋಟ ಅರೇಬಿಕಾನೋ ರೋಬಸ್ಟಾನೋ?' ಅಂದರು. ತೋಟ ನನ್ನದಲ್ಲ ಮೇಡಂ ಅಂತ ಶುರು ಮಾಡಿದೆ. ಅದು ಮುಗಿಯಲೇ ಇಲ್ಲ. ಎಚ್ಚರ ಆದಾಗ ಹೊಟ್ಟೆ ಮೇಲೆ ನಾಲ್ಕು ಕಡೆ ಪಟ್ಟಿ, ಹೆಂಡತಿ ಕೈಯಲ್ಲಿ ಒಂದು ಪುಟ್ಟ ಬಾಟಲಿ. ಒಳಗೆ ಏಳು ಕಲ್ಲು. ದುಂಡಗೆ, ಎಲ್ಲವೂ ಒಂದೇ ಅಳತೆ. ಪಿಬಿ ಬೀಜ ಇದ್ದ ಹಾಗೆ, ಅಂದರೆ ಹಣ್ಣಿನೊಳಗೆ ಒಂದೇ ಆಗಿ ದುಂಡಗೆ ಬೆಳೆಯುವ ಕಾಫಿ ಬೀಜ. ಒಳ್ಳೇ ಗ್ರೇಡು ಅಂತ ನಾನು ಅಂದೆನಂತೆ, ಮತ್ತಿನಲ್ಲಿ.

ಅವತ್ತು ರಾತ್ರಿ ಎರಡು ಗಂಟೆಗೆ ಬಲಭುಜ ವಿಪರೀತ ನೋವು. ಹೊಟ್ಟೆ ಕುಯ್ದರೆ ಭುಜ ಯಾಕೆ ನೋಯಬೇಕು? ಹಾರ್ಟ್ ಅಟ್ಯಾಕೇ ಅಂದುಕೊಂಡೆ. ನೈಟ್ ಡ್ಯೂಟಿ ಸಿಸ್ಟರ್ ಬಂದು ಮೊದಲು ನಾಡಿ ನೋಡಿದರು, ಬಿಪಿ ನೋಡಿದರು, ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿ ಕೇಳಿದರು. ಆಮೇಲೆ ಬೆಡ್ಡಿನ ತುದಿಯಲ್ಲಿ ನಿಂತು ಬಿಡಿಸಿ ಹೇಳಿದರು. ದುರ್ಬೀನು ಹಾಕಿ ಆಪರೇಷನ್ ಮಾಡುವಾಗ ಜಾಗ ಕಾಣಲಿ ಅಂತ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಸ್ವಲ್ಪ ಒಳಗೇ ಉಳಿಯುತ್ತೆ. ಅದು ಎದೆಗೂ ಹೊಟ್ಟೆಗೂ ನಡುವೆ ಇರುವ ಪರದೆಯನ್ನು ಕೆಣಕುತ್ತೆ. ಆ ಪರದೆಯ ನರ ಹುಟ್ಟುವುದು ಕತ್ತಿನಲ್ಲಿ, ಅದಕ್ಕೆ ನೋವು ಭುಜದಲ್ಲಿ ಗೊತ್ತಾಗೋದು. ಒಂದೆರಡು ದಿನದಲ್ಲಿ ತಾನೇ ಹೋಗುತ್ತೆ. 'ಏಳಿ, ನಿಧಾನಕ್ಕೆ ನಡೀರಿ, ನಾನು ಹಿಡ್ಕೋತೀನಿ' ಅಂದರು. ಎಂಟು ತಿಂಗಳು ಗ್ಯಾಸ್ ಅಂತ ಸುಳ್ಳು ನೋವಿಗೆ ಮಾತ್ರೆ ನುಂಗಿದವನಿಗೆ ಆ ರಾತ್ರಿ ನಿಜವಾದ ಗ್ಯಾಸ್ ನೋವು. ಹೇಳಿದೆ. ಸಿಸ್ಟರ್ ನಕ್ಕರು, ನನಗೂ ನಗು ಬಂತು, ಹೊಲಿಗೆ ಹಿಡಿದು ಪ್ರಾಣ ಹೋದ ಹಾಗಾಯಿತು. ವಾರ್ಡಿನ ಉದ್ದಕ್ಕೂ ಎರಡು ಸಲ ನಡೆಸಿದರು. ಆ ಹೊತ್ತಿನಲ್ಲಿ ಅವರಿಗೆ ಇನ್ನೂ ಇಪ್ಪತ್ತು ಬೆಡ್ ಇತ್ತು.

ಡಿಸ್ಚಾರ್ಜ್ ದಿನ ನಾನೂ ನಿಮ್ಮ ಹಾಗೇ ಒದ್ದಾಡಿದೆ. ನಮ್ಮಲ್ಲಿ ಥ್ಯಾಂಕ್ಸ್ ಅನ್ನೋ ಮಾತು ಬಾಯಿಗೆ ಬರಲ್ಲ. ಬಸ್ಸಿನಲ್ಲಿ ಜಾಗ ಬಿಟ್ಟವರಿಗೂ ಥ್ಯಾಂಕ್ಸ್, ಇವರಿಗೂ ಅದೇನಾ ಅನ್ನಿಸುತ್ತೆ. ನಿಮ್ಮಿಂದ ಬದುಕಿದೆ ಅಂದರೆ ನಾಟಕದ ಮಾತು. ಸುಮ್ನೆ ಕೈ ಮುಗಿದು ಬಂದೆ.

ಹತ್ತು ದಿನ ಬಿಟ್ಟು ತೋರಿಸಲು ಹೋದಾಗ ಎರಡು ಕೆಲಸ ಮಾಡಿದೆ. ಒಂದು, ಚಿಕೋರಿ ಇಲ್ಲದ ಮನೆ ಕಾಫಿಪುಡಿ ಎರಡು ಕೆಜಿ, ಡ್ಯೂಟಿ ರೂಮಿಗೆ. ಇದೇನೂ ಸರಿಹೋಗಲಿಲ್ಲ. ಡಿಕಾಕ್ಷನ್ ಹಾಕಿಕೊಂಡು ಕೂರೋಕೆ ನಮಗೆ ಟೈಮ್ ಎಲ್ಲಿದೆ ಅಂದರು ಸಿಸ್ಟರ್. ನೀವು ಏನಾದರೂ ಒಯ್ಯೋದಾದರೆ ಕೈಯಲ್ಲೇ ಎತ್ತಿಕೊಂಡು ತಿನ್ನುವಂಥದ್ದು ಒಯ್ಯಿರಿ, ಎಲ್ಲ ಶಿಫ್ಟಿಗೂ ಆಗುವಷ್ಟು. ಬಾಳೆಹಣ್ಣು, ಕಿತ್ತಳೆ, ಬನ್ನು. ಮೊದಲು ಕೇಳಿ, ಬೇಡ ಅಂದರೆ ಬಲವಂತ ಮಾಡಬೇಡಿ.

ಇನ್ನೊಂದು, ಕಾಗದ. ಇದನ್ನು ಮಾತ್ರ ತಪ್ಪದೆ ಮಾಡಿ. ಮೆಡಿಕಲ್ ಸೂಪರಿಂಟೆಂಡೆಂಟ್ ಹೆಸರಿಗೆ, ಕನ್ನಡದಲ್ಲೇ, ಅರ್ಧ ಪುಟ. ತಾರೀಕು, ವಾರ್ಡು, ಬೆಡ್ ನಂಬರ್, ಯಾರು, ಏನು ಮಾಡಿದರು. ಚೆನ್ನಾಗಿ ನೋಡಿಕೊಂಡರು ಅಂತ ಬರೆದರೆ ಏನೂ ಬರೆದ ಹಾಗಲ್ಲ. ರಾತ್ರಿ ಎರಡು ಗಂಟೆಗೆ ಎಬ್ಬಿಸಿ ನಡೆಸಿದರು ಅಂತ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ತಾರೀಕು, ಶಿಫ್ಟು ಹಾಕಿ, ಅವರು ಹುಡುಕಿಕೊಳ್ಳುತ್ತಾರೆ. ನಾನು ಕಾಗದ ಹಿಡಿದು ಕೌಂಟರ್‌ನಲ್ಲಿ ನಿಂತಾಗ ಗುಮಾಸ್ತರು ತಲೆ ಎತ್ತದೆ, 'ಏನ್ ಕಂಪ್ಲೇಂಟು?' ಅಂದರು. ಕಂಪ್ಲೇಂಟ್ ಅಲ್ಲ ಸಾರ್ ಅಂದೆ. ಮತ್ತೇನು ಅಂತ ತೆಗೆದುಕೊಂಡು ಓದಿದರು. ಓದಿ ಮುಗಿಸಿ ಇನ್ನೊಂದು ಸಲ ಮೊದಲಿಂದ ಓದಿದರು. ಆಮೇಲೆ, ಇದನ್ನು ವಾರ್ಡಿನ ಬೋರ್ಡಿಗೆ ಹಾಕಬಹುದಾ ಅಂತ ನನ್ನನ್ನೇ ಕೇಳಿದರು.

ಆ ವಾರ್ಡ್ ಬಾಯ್ ಮಾತ್ರ ಸಿಗಲಿಲ್ಲ. ಅವನ ಹೆಸರು ಕೇಳಿರಲಿಲ್ಲ ನಾನು, ನೂರಾರು ಆಳಿನ ಹೆಸರು ಬಾಯಲ್ಲಿ ಇಟ್ಟುಕೊಂಡವನು. ಕಾಗದದಲ್ಲಿ 'ಉಡಿದಾರ ಬಿಚ್ಚಿದ ಹುಡುಗ' ಅಂತ ಬರೆದಿದ್ದೆ. ಅದನ್ನು ಓದಿದ ಸಿಸ್ಟರ್‌ಗೆ ತಕ್ಷಣ ಗೊತ್ತಾಯಿತು. ಅವನು ಎಲ್ಲರಿಗೂ ಹಾಗೇ ಮಾಡೋದು, ಅದಕ್ಕೇ ಲೇಟು ಅಂತ ಥಿಯೇಟರ್‌ನವರ ಕೈಲಿ ಬೈಸಿಕೊಳ್ಳುತ್ತಾನೆ ಅಂದರು. ಈಗ ನೈಟ್ ಶಿಫ್ಟ್‌ನಲ್ಲಿ ಇದ್ದಾನಂತೆ, ಸಂಜೆ ಎಂಟರ ಮೇಲೆ ಬಂದರೆ ಸಿಗುತ್ತಾನೆ ಅಂದರು. ಬರುವ ವಾರ ಎಸ್ಟೇಟ್ ಕೆಲಸಕ್ಕೆ ಹಾಸನಕ್ಕೆ ಹೋಗುವುದಿದೆ. ಕೊನೇ ಬಸ್ ತಪ್ಪಿದರೂ ಪರವಾಗಿಲ್ಲ, ಕಾದು ನೋಡಿಕೊಂಡೇ ಬರುತ್ತೇನೆ.