ಸಿಮ್ ಹಾಕುವ ಲ್ಯಾಪ್‌ಟಾಪ್ ತೆಗೆದುಕೊಳ್ಳಲಾ, ಮೊಬೈಲ್ ಹಾಟ್‌ಸ್ಪಾಟ್ ಸಾಕಾ?

ಮಣಿಪಾಲದಿಂದ ಮಂಗಳೂರಿಗೆ ಓಡಾಟ, ಉಳಿದ ದಿನ ಮನೆಯಿಂದಲೇ ಕೆಲಸ, ಸಿಮ್ ಇರುವ ಮಾಡೆಲ್‌ಗೆ ಜಾಸ್ತಿ ದುಡ್ಡು ಕೊಡಬಹುದಾ ಅಂತ ಕೇಳಿದ್ದೀರಿ. ನಾನು ಕೊಟ್ಟವನು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮನೆ ಕಾಪು ಹತ್ತಿರ. ಕೆಲಸ ಲೆಕ್ಕಪತ್ರದ್ದು. ಮಳೆಗಾಲದಲ್ಲಿ ತೆಂಗಿನ ಮಡಲು ಬಿದ್ದು ಇಂಟರ್ನೆಟ್ ಕೇಬಲ್ ತುಂಡಾಗುವುದು ನಮ್ಮಲ್ಲಿ ಮಾಮೂಲು. ಅದಕ್ಕೇ ಮಂಗಳೂರಿನ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತೆಗೆದುಕೊಂಡೆ. ಹಿಂದುಗಡೆ ಸಿಮ್ ಟ್ರೇ ಇತ್ತು. ಉಗುರಿನಿಂದ ಎಳೆದು ನೋಡಿದೆ, ಸಲೀಸಾಗಿ ಹೊರಗೆ ಬಂತು. ಅಷ್ಟಕ್ಕೇ ನಂಬಿದೆ.

ಜೂನ್ 20, ಜಿಎಸ್‌ಟಿಆರ್-3ಬಿ ಅನ್ನುವ ಜಿಎಸ್‌ಟಿಯ ತಿಂಗಳ ರಿಟರ್ನ್ ಸಲ್ಲಿಸುವ ಕೊನೆಯ ದಿನ. ಮೂರು ಪಾರ್ಟಿಗಳದ್ದು, ಅಂದರೆ ಗಿರಾಕಿಗಳದ್ದು, ಬಾಕಿ ಇತ್ತು. ಸಂಜೆ ಗಾಳಿಮಳೆಗೆ ಕೇಬಲ್ ಹೋಯಿತು. ಮೊಬೈಲಿನ ಸಿಮ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದೆ. ಏನೂ ಬರಲಿಲ್ಲ. ತೆಗೆದೆ, ಒರೆಸಿದೆ, ಮತ್ತೆ ಹಾಕಿದೆ. ಊಹೂಂ.

ಇದನ್ನು ಸರಿಯಾಗಿ ಓದಿ. ಸಿಮ್ ಟ್ರೇ ಇದ್ದ ಮಾತ್ರಕ್ಕೆ ಒಳಗೆ ಮೋಡೆಮ್ ಇರಬೇಕೆಂದಿಲ್ಲ. ಮೋಡೆಮ್ ಅನ್ನುವುದು ಸಿಮ್ ಮೂಲಕ ನೆಟ್ ಹಿಡಿಯುವ ಬೇರೆಯೇ ಒಂದು ಸಣ್ಣ ಕಾರ್ಡ್. ಅದು ಇರುವ ಮಾಡೆಲ್‌ಗೂ ಇಲ್ಲದ ಮಾಡೆಲ್‌ಗೂ ಎಷ್ಟೋ ಸಲ ಒಂದೇ ಬಾಡಿ ಹಾಕಿರುತ್ತಾರೆ. ಮರುವಾರ ಅಡಿಯ ಸ್ಕ್ರೂ ಬಿಚ್ಚಿ ನೋಡಿದರೆ ಕಾರ್ಡಿನ ಜಾಗ ಖಾಲಿ. ಆನ್‌ಲೈನಿನಲ್ಲಿ ಕಾರ್ಡ್ ತರಿಸಿದೆ. ಆಮೇಲೆ ಗೊತ್ತಾಯಿತು, ಸ್ಕ್ರೀನಿನ ಒಳಗಿಂದ ಬರಬೇಕಾದ ಆಂಟೆನಾ ವೈರೂ ಇಲ್ಲ. ಎರಡೂ ಇದ್ದರೂ ಕೆಲವು ಲ್ಯಾಪ್‌ಟಾಪ್‌ಗಳು ಕಂಪನಿ ಒಪ್ಪಿದ ಕಾರ್ಡ್ ಬಿಟ್ಟು ಬೇರೆಯದನ್ನು ತೆಗೆದುಕೊಳ್ಳುವುದಿಲ್ಲ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ವಿಂಡೋಸ್ ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ಪುಟ ನೋಡಿ. ಅಲ್ಲಿ ‘ಸೆಲ್ಯುಲಾರ್’ ಇರಬೇಕು, ಅದರೊಳಗೆ ಐಎಂಇಐ ನಂಬರ್ (ಮೋಡೆಮ್‌ನ ಗುರುತಿನ ನಂಬರ್) ಇರಬೇಕು. ನಿಮ್ಮ ಸಿಮ್ಮನ್ನೇ ಹಾಕಿ ಒಂದು ಪುಟ ತೆರೆಯಿರಿ. ನಾನು ಈ ಎರಡು ನಿಮಿಷದ ಕೆಲಸ ಮಾಡಲಿಲ್ಲ.

ಆ ರಾತ್ರಿ ಸಿಮ್ ವಾಪಸ್ ಮೊಬೈಲಿಗೆ ಹಾಕಿದೆ. ಅಷ್ಟು ಹೊತ್ತಿಗೆ ಅಲ್ಲೂ ಸಿಗ್ನಲ್ ಇಲ್ಲ. ಕರೆಂಟು ಹೋಗಿ ಗಂಟೆಗಟ್ಟಲೆ ಆಗಿತ್ತು, ಟವರೂ ಸತ್ತಿತ್ತು. ಬೆಳಗ್ಗೆ ಪಕ್ಕದ ಮನೆಯ ಅಕ್ಕನ ಮೊಬೈಲಿನಿಂದ ರಿಟರ್ನ್ ಹೋಯಿತು. ಅವರದ್ದು ಬೇರೆ ಕಂಪನಿಯ ಸಿಮ್. ಲೇಟ್ ಫೀ ಒಂದೊಂದಕ್ಕೆ 50 ರೂಪಾಯಿ, ನಾನೇ ಕಟ್ಟಿದೆ. ಅದು ದೊಡ್ಡದಲ್ಲ. ಆದರೆ ಒಬ್ಬ ಪಾರ್ಟಿ ಮತ್ತೆ ನನ್ನ ಹತ್ತಿರ ಬರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಲ್ಯಾಪ್‌ಟಾಪಿನ ಸಿಮ್ಮೂ ಮೊಬೈಲಿನ ಸಿಮ್ಮೂ ಒಂದೇ ಕಂಪನಿಯದ್ದಾದರೆ ಹುಡುಕುವುದು ಅದೇ ಟವರನ್ನು ಅಲ್ವಾ? ಆ ದುಡ್ಡು ಉಳಿಸಿ. ಮನೆಯಲ್ಲಿರುವ ಹಳೆಯ ಮೊಬೈಲಿಗೆ ಬೇರೆ ಕಂಪನಿಯ ಸಿಮ್ ಹಾಕಿಡಿ. ಹಾಟ್‌ಸ್ಪಾಟ್ ಬೇಡ, ಉದ್ದದ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಮಾಡಿ, ಅಂದರೆ ಮೊಬೈಲಿನ ನೆಟ್ಟನ್ನು ವೈರಿನಲ್ಲೇ ಲ್ಯಾಪ್‌ಟಾಪಿಗೆ ಕೊಡಿ. ಮೊಬೈಲಿನ ಬ್ಯಾಟರಿ ಇಳಿಯುವ ಚಿಂತೆ ಇಲ್ಲ, ಅದನ್ನು ಕಿಟಕಿಯಲ್ಲೇ ಇಡಬಹುದು. ವಿಂಡೋಸ್‌ನಲ್ಲಿ ಆ ಕನೆಕ್ಷನ್ನನ್ನು ‘ಮೀಟರ್ಡ್’ (ಡೇಟಾಕ್ಕೆ ಮಿತಿ ಇದೆ) ಅಂತ ಮಾಡಿ, ಇಲ್ಲದಿದ್ದರೆ ಅಪ್‌ಡೇಟ್‌ಗಳೇ ದಿನದ ಡೇಟಾ ನುಂಗುತ್ತವೆ.

ಆಫೀಸಿನವರೇ ಸಿಮ್ ಇರುವ ಲ್ಯಾಪ್‌ಟಾಪ್ ಕೊಟ್ಟರೆ ತೆಗೆದುಕೊಳ್ಳಿ, ಬಸ್ಸಿನಲ್ಲಿ ತೆರೆದ ಕೂಡಲೇ ನೆಟ್ ಸಿಗುವುದು ನಿಜಕ್ಕೂ ಸುಖ. ಆಗಲೂ ಅದರಲ್ಲಿ ಒಂದು ಕಂಪನಿ, ಮೊಬೈಲಿನಲ್ಲಿ ಇನ್ನೊಂದು ಇರಲಿ.